ನಿಯಂತ್ರಣವೂ ವ್ರತವೂ

ಮಲೆನಾಡಿನ ಹಿರಿಯರ ಮಾತಿನಲ್ಲಿ ‘ಕಂಟ್ರೋಲು ಕಾಲ’ ಎಂಬುದು ಒಂದು ಶಕೆಯ ಹೆಸರಿನಂತೆ ಬಹುದಿನ ಉಳಿದಿತ್ತು. ಎರಡನೆಯ ಮಹಾಯುದ್ಧವು 1939ರಲ್ಲಿ ಆರಂಭವಾಗಿ 1945ರಲ್ಲಿ ಮುಗಿಯಿತು. ಕಂಟ್ರೋಲು ಕಾಲ ಮಾತ್ರ ಯುದ್ಧದೊಡನೆ ಮುಗಿಯಲಿಲ್ಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಇವುಗಳಿಗೆ ಚೀಟಿ ಹಿಡಿದು ನಿಲ್ಲುವ ದಿನಗಳು ಸ್ವಾತಂತ್ರ್ಯ ಬಂದ ಮೇಲೆಯೂ ಮುಂದುವರಿದು, 1954ರ ಹೊತ್ತಿಗೆ ಧಾನ್ಯದ ಮಟ್ಟಿಗೆ ಒಂದು ಕೊನೆಯನ್ನು ಕಂಡವು. ಇಷ್ಟು ಮನೆಗೆ, ಇಷ್ಟು ತಲೆಗೆ, ಇಷ್ಟು ದಿನಕ್ಕೆ ಎಂಬ ಮಿತಿಯೊಳಗೆ ಒಂದು ತಲೆಮಾರು ಬದುಕಿತು.

ಇಷ್ಟು ಮನೆಗೆ, ಇಷ್ಟು ದಿನಕ್ಕೆ ಎಂಬ ಮಾತು ಶ್ರಾವಕನಿಗೆ ಹೊಸದಲ್ಲ. ಪರಿಗ್ರಹ ಪರಿಮಾಣವೆಂಬ ಅಣುವ್ರತವೂ ಭೋಗೋಪಭೋಗ ಪರಿಮಾಣವೆಂಬ ಶೀಲವ್ರತವೂ ಅದೇ ಭಾಷೆಯನ್ನು ಆಡುತ್ತವೆ. ಹೊರಗಿನಿಂದ ನೋಡಿದವನಿಗೆ ಪಡಿತರದ ಅಕ್ಕಿಯಲ್ಲಿ ಬದುಕುವ ಮನೆಯೂ ವ್ರತದ ಅಕ್ಕಿಯಲ್ಲಿ ಬದುಕುವ ಮನೆಯೂ ಒಂದೇ ತೆರನಾಗಿ ಕಾಣಿಸುವುವು. ಎರಡೂ ಒಂದೇ ಆಗಿದ್ದರೆ, ರಾಜ್ಯವು ತಾನು ಹಾಕಿದ ಮಿತಿಯನ್ನು ಹಿಂತೆಗೆದುಕೊಂಡ ದಿನ ಮನೆಯ ಮಿತಿಯೂ ಹೋಗಬೇಕು. ಒಂದಲ್ಲವಾದರೆ, ಹೊರಗಿನ ಮಿತಿ ಹೋದ ಮೇಲೆ ಒಳಗೆ ಉಳಿದದ್ದು ಏನು ಎಂಬುದನ್ನು ತೋರಿಸಬೇಕು. ಯುದ್ಧಾನಂತರ ಸರಕಾರಗಳು ತಮ್ಮ ನಿಯಂತ್ರಣಗಳನ್ನು ಪರಾಮರ್ಶಿಸಿದ ವರ್ಷಗಳು ಈ ಪ್ರಶ್ನೆಯನ್ನು ಗೃಹಸ್ಥನ ಕಣಜದ ಮುಂದೆಯೇ ತಂದು ನಿಲ್ಲಿಸಿದವು.

ಆ ನಿಯಂತ್ರಣಗಳು ಯಾರೋ ಅಧಿಕಾರಿಯ ಹಟದಿಂದ ಹುಟ್ಟಿದವಲ್ಲ ಎಂಬುದನ್ನು ಮೊದಲು ನೆನೆಯಬೇಕು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ಇಪ್ಪತ್ತರಿಂದ ಮೂವತ್ತು ಲಕ್ಷವೆಂದು ಅಂದಾಜು ಮಾಡಲಾಗಿದೆ. ಅಲ್ಲಿ ಕೆಲವೆಡೆ ಧಾನ್ಯವೇ ಇರಲಿಲ್ಲ. ಕೆಲವೆಡೆ ಇದ್ದರೂ ಹಸಿದವನ ಕೈಗೆ ಎಟಕುವ ಬೆಲೆಯಲ್ಲಿ ಇರಲಿಲ್ಲ. ಅದೇ ವರ್ಷ ಸೇರಿದ ಆಹಾರಧಾನ್ಯ ನೀತಿ ಸಮಿತಿಯು ದೊಡ್ಡ ನಗರಗಳಲ್ಲಿ ಪಡಿತರವನ್ನು ತರಬೇಕೆಂದೂ, ವಯಸ್ಕನೊಬ್ಬನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ದೊರೆಯಬೇಕೆಂದೂ ಸಲಹೆ ಮಾಡಿತು. ಒಂದು ಪೌಂಡೆಂದರೆ ಈಗಿನ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಮಳೆ ಕೈಕೊಟ್ಟು ದಾಸ್ತಾನು ಕರಗಿದಾಗ ಇದನ್ನು 12 ಔನ್ಸಿಗೆ, ಎಂದರೆ ಸುಮಾರು 340 ಗ್ರಾಮಿಗೆ ಇಳಿಸಬೇಕಾಯಿತು. ಗದ್ದೆಯಲ್ಲಿ ದುಡಿದು ಮೂರು ಹೊತ್ತು ಗಂಜಿ ಅನ್ನ ಉಣ್ಣುವವನಿಗೆ ಅದು ಎಷ್ಟರ ಊಟವೆಂಬುದನ್ನು ಮಲೆನಾಡಿನ ಯಾವ ಗೃಹಿಣಿಯೂ ಹೇಳಬಲ್ಲಳು. ಶಾಂತಿ ಬಂದ ಮೇಲೆ ಅನ್ನ ಕಡಮೆಯಾಯಿತು ಎಂಬ ವಿಪರ್ಯಾಸವನ್ನು ಜನ ಆಗ ಅನುಭವಿಸಿದರು.

ಮೂಲಾಚಾರಾದಿ ಗ್ರಂಥಗಳಲ್ಲಿ ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯ ಪೂರ್ಣಾಹಾರ 28 ತುತ್ತು ಎಂದು ಲೆಕ್ಕ ಹೇಳಿದೆ. ಅದಕ್ಕಿಂತ ಒಂದು ತುತ್ತು ಕಡಮೆ ಉಂಡರೂ ಅವಮೌದರ್ಯವೆಂಬ ಬಾಹ್ಯತಪಸ್ಸು ಆರಂಭವಾಗುತ್ತದೆ. ಹಾಗಾದರೆ 1946ರ ಪಡಿತರದಿಂದ ಅರೆಹೊಟ್ಟೆ ಉಂಡವರೆಲ್ಲ ತಪಸ್ವಿಗಳೇ? ಶಾಸ್ತ್ರದ ಉತ್ತರ ನಿಷ್ಠುರವಾದುದು, ಆದರೆ ಕರುಣೆಯಿಲ್ಲದ್ದಲ್ಲ. ತನ್ನ ಇಚ್ಛೆಯಿಲ್ಲದೆ, ಸೆರೆಯಲ್ಲಿಯೋ ದಾರಿದ್ರ್ಯದಲ್ಲಿಯೋ ಹಸಿವು ಬಾಯಾರಿಕೆಗಳನ್ನು ಸಹಿಸಿದಾಗ ಆಗುವುದು ಅಕಾಮನಿರ್ಜರೆ. ತತ್ತ್ವಾರ್ಥಸೂತ್ರವು ಅದನ್ನು ದೇವಾಯುಸ್ಸಿನ ಆಸ್ರವಕ್ಕೆ ಕಾರಣಗಳಲ್ಲಿ ಒಂದಾಗಿ ಎಣಿಸಿದೆ. ಎಂದರೆ ಬಲವಂತದ ಹಸಿವನ್ನು ಕ್ರೋಧವಿಲ್ಲದೆ ಸಹಿಸಿದವನ ಸಹನೆ ವ್ಯರ್ಥವಾಗುವುದಿಲ್ಲ. ಆದರೂ ಅದು ಮೋಕ್ಷಮಾರ್ಗದ ನಿರ್ಜರೆಯಲ್ಲ, ವ್ರತವಂತೂ ಅಲ್ಲ. ಕಾರಣ ಸರಳ: ಅವನು ಏನನ್ನೂ ಬಿಡಲಿಲ್ಲ, ಅವನಿಗೆ ಸಿಗಲಿಲ್ಲ. ಸಿಗುವಂತಾದ ದಿನ ಅವನು ಬಿಡುವನೋ ಇಲ್ಲವೋ ಎಂಬುದು ಅವನಿಗೂ ತಿಳಿಯದು.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳ ಸ್ಥಿತಿ ಈ ವಿಚಾರದಲ್ಲಿ ವಿಶೇಷವಾದುದು. ಒಂದು ಕಡೆ ಶರಾವತಿ, ಇನ್ನೊಂದು ಕಡೆ ತುಂಗೆ. ನಡುವೆ ಕಾಡು, ಅಡಕೆಯ ತೋಟ, ಕಣಿವೆಯಲ್ಲಿ ಗದ್ದೆ. ಅಡಕೆಯ ತೋಟ ಹಣವನ್ನು ಕೊಡಬಲ್ಲದು, ಅನ್ನವನ್ನು ಕೊಡಲಾರದು. ಆದುದರಿಂದ ತೋಟದವನೂ ಭತ್ತಕ್ಕೆ ಗದ್ದೆಯವನ ಕಡೆ ನೋಡಬೇಕು. ಮೇಲಾಗಿ ಇದು ಗಡಿಯ ಸೀಮೆ. 1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಸಾಗರದ ಪಡುವಲ ಅಂಚಿಗೆ ಮುಂಬಯಿ ಆಡಳಿತದ ಉತ್ತರ ಕನ್ನಡವೂ, ಹೊಸನಗರ ತೀರ್ಥಹಳ್ಳಿಗಳ ಅಂಚಿಗೆ ಮದರಾಸಿನ ದಕ್ಷಿಣ ಕನ್ನಡವೂ ತಾಗಿದ್ದವು. ಮೈಸೂರು ಸಂಸ್ಥಾನ ಬೇರೆ, ಅದರ ಅಪ್ಪಣೆಗಳು ಬೇರೆ. ಆಗುಂಬೆಯ ಘಾಟಿಯಿಂದಲೂ ಹುಲಿಕಲ್ಲಿನ ಘಾಟಿಯಿಂದಲೂ ಹಿಂದಿನಿಂದ ಉಪ್ಪು ತೆಂಗು ಮೇಲೇರುತ್ತಿದ್ದವು, ಅಕ್ಕಿ ಅಡಕೆ ಮೆಣಸು ಕೆಳಗಿಳಿಯುತ್ತಿದ್ದವು. ಬೀಗರು, ಬಸದಿಗಳು, ವ್ಯವಹಾರ ಎಲ್ಲವೂ ಘಟ್ಟದ ಮೇಲೂ ಕೆಳಗೂ ಹರಡಿಕೊಂಡಿದ್ದವು. ಕಾರ್ಕಳ ಮೂಡಬಿದಿರೆಗಳ ಜೈನ ಮನೆಗಳಿಗೆ ಹೊಂಬುಜದ ಪದ್ಮಾವತಿ ಅಮ್ಮನವರ ಸನ್ನಿಧಿ ಎಂದೂ ಪರನಾಡಾಗಿರಲಿಲ್ಲ. ಯುದ್ಧಕಾಲದಲ್ಲಿ ಪರವಾನಗಿಯಿಲ್ಲದೆ ಧಾನ್ಯವು ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋಗಬಾರದೆಂದಾದಾಗ, ನೂರಾರು ವರ್ಷ ಬರಿಯ ಇಳಿಜಾರಾಗಿದ್ದ ಘಾಟಿ ಅಪರಾಧದ ಹಾದಿಯಾಯಿತು.

ಇಲ್ಲಿಯೇ ಅಚೌರ್ಯಾಣುವ್ರತದ ಅತಿಚಾರಗಳ ನೆನಪಾಗುವುದು. ಕಳವಿಗೆ ಪ್ರೇರಿಸುವುದು, ಕಳವಿನ ಮಾಲನ್ನು ಕೊಳ್ಳುವುದು, ವಿರುದ್ಧರಾಜ್ಯಾತಿಕ್ರಮ, ಅಳತೆ ತೂಕಗಳಲ್ಲಿ ಹೆಚ್ಚು ಕಡಮೆ ಮಾಡುವುದು, ಕಲಬೆರಕೆಯ ವ್ಯಾಪಾರ ಎಂದು ಉಮಾಸ್ವಾಮಿಗಳು ಐದನ್ನು ಹೇಳಿದ್ದಾರೆ. ಕಾಳಸಂತೆಯ ಸಂಪೂರ್ಣ ಚಿತ್ರವನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾವ ಸಮಿತಿಯ ವರದಿಯೂ ಕೊಟ್ಟಿರಲಾರದು. ಮೂರನೆಯದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ವಿಲೋಪವೆಂಬ ಹೆಸರಿನಿಂದ ಕರೆದರು. ರಾಜಾಜ್ಞೆಯನ್ನು ಮೀರುವುದೆಲ್ಲ ಕಳವು ಎಂದು ಇದಕ್ಕೆ ಅರ್ಥ ಮಾಡುವ ರೂಢಿಯುಂಟು. ಅದು ಆತುರದ ಅರ್ಥ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವ ಕ್ರಮವನ್ನು ನೋಡಿದರೆ, ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ರೀತಿಯಲ್ಲಿ ಕೊಡುವುದು ತೆಗೆದುಕೊಳ್ಳುವುದೇ ಅತಿಕ್ರಮ. ರಾಜ್ಯವು ಕದಡಿರುವಾಗ ಬೆಲೆಯುಳ್ಳ ವಸ್ತುವನ್ನು ಅಗ್ಗಕ್ಕೆ ದಕ್ಕಿಸಿಕೊಳ್ಳುವ ಪ್ರಯತ್ನ ಅದರ ತಿರುಳು. ಕಾಲದ ಕೆಡುಕಿನಿಂದ ಲಾಭವನ್ನು ಹಿಂಡುವ ಮನಸ್ಸನ್ನು ಆಚಾರ್ಯರು ಹಿಡಿದಿದ್ದಾರೆ. ಅಪ್ಪಣೆಯನ್ನು ಮೀರಿದ್ದು ಆ ಮನಸ್ಸಿನ ಹೊರಗುರುತು.

ಒಂದೇ ರಾತ್ರಿ ಇಬ್ಬರು ಘಾಟಿಯನ್ನು ಇಳಿಯುತ್ತಿರುವರೆಂದು ಭಾವಿಸಬಹುದು. ಒಬ್ಬನು ಕೆಳಗೆ ಕೊಟ್ಟ ಮಗಳ ಮನೆಯಲ್ಲಿ ಬಾಣಂತನವೆಂದು ಹತ್ತು ಸೇರು ಅಕ್ಕಿಯನ್ನು ಹೊತ್ತಿದ್ದಾನೆ. ಇನ್ನೊಬ್ಬನು ಮೇಲಿನ ದರಕ್ಕೂ ಕೆಳಗಿನ ದರಕ್ಕೂ ಇರುವ ಅಂತರವನ್ನು ಎಣಿಸಿ ಎತ್ತುಗಳ ಮೇಲೆ ಹೇರಿಸಿದ್ದಾನೆ. ಠಾಣೆಯವನು ಹಿಡಿದರೆ ಇಬ್ಬರದೂ ಒಂದೇ ಅಪರಾಧ, ತೂಕ ಮಾತ್ರ ಬೇರೆ. ವ್ರತದ ದೃಷ್ಟಿಯಲ್ಲಿ ಇಬ್ಬರ ನಡುವಣ ಅಂತರ ಹತ್ತು ಸೇರಿಗೂ ಹತ್ತು ಹೇರಿಗೂ ಇರುವ ಅಂತರವಲ್ಲ. ಮೊದಲನೆಯವನು ಯಾರ ಹಸಿವಿನಿಂದಲೂ ಕಾಸು ಮಾಡಿಕೊಳ್ಳುತ್ತಿಲ್ಲ. ಹಾಗೆಂದು ಅವನು ನಿರ್ದೋಷಿಯೆಂದು ಹೇಳಿಬಿಟ್ಟರೆ ಕೆಲಸ ಕೆಡುತ್ತದೆ. ಏಕೆಂದರೆ ಆ ವರ್ಷಗಳಲ್ಲಿ ಘಾಟಿಯನ್ನಿಳಿದ ಪ್ರತಿಯೊಂದು ಮೂಟೆಗೂ ಒಬ್ಬ ಬಾಣಂತಿ ಮಗಳನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ದೋಷಕ್ಕೆ ನಾಲ್ಕು ಮೆಟ್ಟಿಲುಗಳನ್ನು ಆಚಾರ್ಯರು ಮಾಡಿಟ್ಟಿರುವುದು ಇಂತಹ ಗಳಿಗೆಗಾಗಿಯೇ. ಮನಸ್ಸಿನ ಶುದ್ಧಿ ಕೆಟ್ಟದ್ದು, ಬೇಲಿಯನ್ನು ದಾಟಿದ್ದು, ಒಳಗೆ ನಡೆದದ್ದು, ಅಲ್ಲಿಯೇ ನೆಲಸಿದ್ದು: ಇವು ಬೇರೆ ಬೇರೆ. ಬೇಲಿಯನ್ನು ದಾಟಿದವನು ದಾಟಿದೆನೆಂದು ತಿಳಿದು ಆಲೋಚನೆ ಪ್ರತಿಕ್ರಮಣಗಳಿಂದ ಹಿಂದಿರುಗುವ ದಾರಿ ತೆರೆದಿದೆ. ಬೇಲಿಯೇ ಇರಲಿಲ್ಲವೆಂದು ವಾದಿಸುವವನಿಗೆ ಆ ದಾರಿ ಕಾಣಿಸುವುದಿಲ್ಲ. ಮಗಳಿಗೆ ಅಕ್ಕಿ ಕೊಟ್ಟ ತಂದೆ ತನ್ನ ಕೆಲಸಕ್ಕೆ ಧರ್ಮದ ಮುದ್ರೆಯನ್ನು ಒತ್ತಿಸಿಕೊಳ್ಳದೆ, ಸಂಕಟದಲ್ಲಿ ಮಾಡಿದೆನೆಂದು ಗುರುಗಳೆದುರು ಹೇಳಿಕೊಂಡರೆ ಅವನ ವ್ರತ ಬದುಕಿಕೊಳ್ಳುತ್ತದೆ.

ಆಪತ್ಕಾಲದ ಏರ್ಪಾಡು ಆಪತ್ತು ಕಳೆದ ಮೇಲೂ ಉಳಿದುಬಿಡುವ ಕಥೆ ಜೈನರಿಗೆ ಬಹು ಹಳೆಯದು. ಹನ್ನೆರಡು ವರ್ಷದ ಕ್ಷಾಮವನ್ನು ಮುಂಗಂಡ ಶ್ರುತಕೇವಲಿ ಭದ್ರಬಾಹುಗಳ ಸಂಘ ದಕ್ಷಿಣಕ್ಕೆ ಬಂದುದನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದ, ಕ್ರಿ. ಶ. 600ರ ಸುಮಾರಿನ ಶಾಸನವೇ ನೆನೆಯುತ್ತದೆ. ಉತ್ತರದಲ್ಲಿ ಉಳಿದವರ ಪಾಡನ್ನು ಹತ್ತನೆಯ ಶತಮಾನದ ಹರಿಷೇಣರು ಬೃಹತ್ಕಥಾಕೋಶದಲ್ಲಿ ಹೇಳಿದ್ದಾರೆ. ಹಸಿದವರ ಹಿಂಡಿಗೆ ಹೆದರಿ ಗೃಹಸ್ಥರು ಹಗಲು ಬಾಗಿಲು ತೆರೆಯದಾದರು. ಮುನಿಗಳು ರಾತ್ರಿ ಬಂದು ಪಾತ್ರೆಯಲ್ಲಿ ಆಹಾರವನ್ನು ಒಯ್ದು ಹಗಲು ಸೇವಿಸಬೇಕೆಂದು ಶ್ರಾವಕರೇ ಬೇಡಿಕೊಂಡರು. ಹೀಗೆ ಒಂದೊಂದಾಗಿ ಸಡಿಲಿಕೆಗಳು ಸೇರಿದವು. ಸುಭಿಕ್ಷ ಮರಳಿದಾಗ ಇವನ್ನು ಬಿಡಿರೆಂದು ಹಿರಿಯರು ಹೇಳಿದರು. ಕೆಲವರು ಬಿಟ್ಟರು, ಕೆಲವರು ಬಿಡಲಿಲ್ಲ. ಸಂಪ್ರದಾಯಭೇದದ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಗಮನಿಸತಕ್ಕದ್ದು ಕಥೆಯ ಇನ್ನೊಂದು ಅಂಶ. ಎಲ್ಲಕ್ಕೂ ಮೊದಲು ಮುಚ್ಚಿದ್ದು ಗೃಹಸ್ಥನ ಬಾಗಿಲು. ಒಳಗೆ ಅನ್ನವಿತ್ತು, ಹೊರಗೆ ಹಸಿವಿತ್ತು, ನಡುವೆ ಅಗುಳಿ ಬಿದ್ದಿತ್ತು. ಮುನಿಗಳ ಆಚಾರ ಕದಲಿದ್ದು ಆ ಅಗುಳಿಯ ಸದ್ದಿಗೆ.

ಯುದ್ಧಾನಂತರದ ಪರಾಮರ್ಶೆಯಲ್ಲಿಯೂ ಇದೇ ತೊಡಕು ಬಂದಿತು. ಯುದ್ಧಕ್ಕಾಗಿ ಮಾಡಿದ್ದ ಭಾರತ ರಕ್ಷಣಾ ಕಾಯಿದೆ 1946ರ ಸೆಪ್ಟೆಂಬರ್ 30ರಂದು ಮುಗಿಯಿತು. ಮರುದಿನವೇ ಅದರ ಜಾಗಕ್ಕೆ ಅಗತ್ಯ ಸರಬರಾಜುಗಳ ತಾತ್ಕಾಲಿಕ ಅಧಿಕಾರಗಳ ಆಜ್ಞೆ ಬಂದು, ಅದೇ ವರ್ಷ ಕಾಯಿದೆಯಾಯಿತು. ತಾತ್ಕಾಲಿಕವೆಂಬ ಹೆಸರನ್ನು ಹೊತ್ತುಕೊಂಡೇ ಅದು 1955ರವರೆಗೆ ಜೀವ ಹಿಡಿದು, ಆ ವರ್ಷ ಅಗತ್ಯ ವಸ್ತುಗಳ ಕಾಯಿದೆಗೆ ದಾರಿ ಬಿಟ್ಟಿತು. ಆ ಕಾಯಿದೆ ತಿದ್ದುಪಡಿಗಳೊಡನೆ ಇಂದಿಗೂ ಇದೆ. ಕಾಲದ ಅವಧಿಯುಳ್ಳ ಪರಿಮಾಣವು ನಿಯಮ, ಬದುಕಿರುವವರೆಗಿನದು ಯಮ ಎಂದು ಶ್ರಾವಕಾಚಾರ ಬೇರ್ಪಡಿಸಿದೆ. ಕೈಗೊಂಡವನೇ ಮತ್ತೆ ಸಂಕಲ್ಪ ಮಾಡದ ಹೊರತು ನಿಯಮವು ಯಮವಾಗಲಾರದು. ರಾಜ್ಯದ ನಿಯಮವಾದರೋ ಯಾರ ಸಂಕಲ್ಪವೂ ಇಲ್ಲದೆ ಯಮವಾಗಿ ಬೆಳೆಯಬಲ್ಲುದು. ಅವಧಿ ಮುಗಿಯಿತೆಂದು ಹೇಳುವ ಗುರು ಅಲ್ಲಿಲ್ಲ.

ಆ ಮಾತನ್ನು ಹೇಳಲು ಗಾಂಧೀಜಿ ಯತ್ನಿಸಿದರು. 1947ರ ಕೊನೆಯ ತಿಂಗಳುಗಳಲ್ಲಿ ದೆಹಲಿಯ ಪ್ರಾರ್ಥನಾ ಸಭೆಗಳಲ್ಲಿ, ನಿಯಂತ್ರಣವು ಮೋಸವನ್ನೂ ಕಾಳಸಂತೆಯನ್ನೂ ಬೆಳೆಸುತ್ತದೆ, ಜನರನ್ನು ಪರಾವಲಂಬಿಗಳನ್ನಾಗಿ ಮಾಡುತ್ತದೆ, ಅದನ್ನು ತೆಗೆಯಬೇಕು ಎಂದು ಅವರು ಮತ್ತೆ ಮತ್ತೆ ಹೇಳಿದರು. ಆಗ ಕುಳಿತಿದ್ದ ಎರಡನೆಯ ಆಹಾರಧಾನ್ಯ ನೀತಿ ಸಮಿತಿಯೂ ನಿಯಂತ್ರಣವನ್ನು ಕ್ರಮಕ್ರಮವಾಗಿ ಸಡಿಲಿಸಬೇಕೆಂಬ ಅಭಿಪ್ರಾಯಕ್ಕೆ ಬಂದಿತ್ತು. ಡಿಸೆಂಬರಿನಲ್ಲಿ ಸರಕಾರ ಸಡಿಲಿಕೆಯನ್ನು ಸಾರಿತು. ಜನ ತಾವಾಗಿ ಮಿತಿಯಲ್ಲಿರುವರು, ವರ್ತಕರು ತಾವಾಗಿ ನ್ಯಾಯವಾದ ಬೆಲೆಗೆ ಮಾರುವರು ಎಂಬ ನಂಬಿಕೆ ಅದರ ಹಿಂದಿತ್ತು. ಒಂದು ದೇಶವೇ ಅಣುವ್ರತವನ್ನು ಪಾಲಿಸುವುದೆಂಬಂತಹ ನಂಬಿಕೆ ಅದು. 1939ರ ಆಗಸ್ಟನ್ನು ನೂರೆಂದು ಹಿಡಿದರೆ 1947ರ ನವೆಂಬರಿನಲ್ಲಿ 302ರಷ್ಟಿದ್ದ ಸಗಟು ಬೆಲೆಗಳ ಸೂಚ್ಯಂಕ 1948ರ ಜುಲೈಯಲ್ಲಿ ಸುಮಾರು 390ಕ್ಕೆ ಏರಿತು. ಆ ವರ್ಷದ ನಡುವಿನಲ್ಲಿ ಬಟ್ಟೆಗೂ, ಕೊನೆಯ ಭಾಗದಲ್ಲಿ ಧಾನ್ಯಕ್ಕೂ ನಿಯಂತ್ರಣ ಮರಳಿತು. ಅದನ್ನು ನೋಡಲು ಗಾಂಧೀಜಿ ಇರಲಿಲ್ಲ.

ಈ ಎಂಟು ತಿಂಗಳುಗಳಿಂದ ಗಾಂಧೀಜಿಯವರ ಮಾತು ಸುಳ್ಳಾಯಿತೆಂದು ಕೆಲವರು ತೀರ್ಮಾನಿಸಿದರು. ಅಷ್ಟು ಸುಲಭದ ತೀರ್ಮಾನವನ್ನು ಶ್ರಾವಕನು ಒಪ್ಪಬೇಕಾಗಿಲ್ಲ. ನಿಯಂತ್ರಣವು ಮೋಸವನ್ನು ಬೆಳೆಸುತ್ತದೆಂಬುದು ಘಾಟಿಯ ಕೆಳಗೂ ಮೇಲೂ ಕಣ್ಣಿಗೆ ಕಂಡ ಸತ್ಯ. ನಿಯಂತ್ರಣವನ್ನು ತೆಗೆದರೆ ಲೋಭ ಹೊರಬರುತ್ತದೆಂಬುದೂ ಅಷ್ಟೇ ಸತ್ಯ. ಆ ಲೋಭವನ್ನು ಹುಟ್ಟಿಸಿದ್ದು ಡಿಸೆಂಬರಿನ ಆಜ್ಞೆಯಲ್ಲ. ಐದಾರು ವರ್ಷ ಮುಚ್ಚಳದ ಕೆಳಗೆ ಇದ್ದದ್ದು ಮುಚ್ಚಳ ತೆಗೆದಾಗ ಕಾಣಿಸಿತು. ಬಲವಂತದ ಮಿತಿಯಲ್ಲಿ ಎಷ್ಟು ವರ್ಷ ಬದುಕಿದರೂ ಅದರಿಂದ ವ್ರತದ ಅಭ್ಯಾಸ ಹುಟ್ಟುವುದಿಲ್ಲ. ಹನ್ನೆರಡು ಔನ್ಸು ಉಂಡವನು ಮಿತಾಹಾರಿಯಾಗಲಿಲ್ಲ, ಹನ್ನೆರಡು ಔನ್ಸು ಮಾರಿದವನು ನಿರ್ಲೋಭಿಯಾಗಲಿಲ್ಲ. ಮದರಾಸಿನಲ್ಲಿ 1952ರಲ್ಲಿ ರಾಜಾಜಿಯವರು ಪಡಿತರವನ್ನು ತೆಗೆದಾಗ ಅಂತಹ ಅನಾಹುತವಾಗಲಿಲ್ಲವೆಂದು ಹೇಳುವುದುಂಟು. ಹೌದು, ಆದರೆ ಆಗ ಧಾನ್ಯದ ಸ್ಥಿತಿ ಉತ್ತಮಗೊಳ್ಳುತ್ತಿತ್ತು. ಕೊರತೆ ಇರುವಾಗ ಬಾಗಿಲು ತೆರೆದಿಡುವುದಕ್ಕೂ, ಕೊರತೆ ಕಳೆಯುತ್ತಿರುವಾಗ ತೆರೆಯುವುದಕ್ಕೂ ವ್ಯತ್ಯಾಸವಿದೆ.

ಅತಿಸಂಗ್ರಹದ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ರತ್ನಕರಂಡಕದಲ್ಲಿ ಪರಿಗ್ರಹ ಪರಿಮಾಣಕ್ಕೆ ಹೇಳಿದ ಅತಿಚಾರಗಳಲ್ಲಿ ಅತಿಸಂಗ್ರಹವೂ ಒಂದು. ಟೀಕಾಕಾರರಾದ ಪ್ರಭಾಚಂದ್ರರು ಅದಕ್ಕೆ ಧಾನ್ಯವನ್ನೇ ಉದಾಹರಣೆಯಾಗಿ ತೆಗೆದುಕೊಂಡರು: ಮುಂದೆ ಇದು ವಿಶೇಷ ಲಾಭ ಕೊಡುವುದೆಂಬ ಲೋಭದ ಆವೇಶದಿಂದ ಮಿತಿಮೀರಿ ಕೂಡಿಡುವುದು. 1943ರಲ್ಲಿ ಸರಕಾರ ದಾಸ್ತಾನು ಮತ್ತು ಅತಿಲಾಭಗಳ ತಡೆಗೆ ಆಜ್ಞೆ ಹೊರಡಿಸಿದಾಗ ಅದರ ಅಧಿಕಾರಿಗಳಿಗೆ ಈ ಟೀಕೆ ತಿಳಿದಿರಲಿಲ್ಲ. ತಿಳಿದಿದ್ದ ಮನೆಗಳಿಗೆ ಆ ಆಜ್ಞೆ ಬೇಕಾಗಿರಬಾರದಿತ್ತು. ಬೇಕಾಯಿತೋ ಇಲ್ಲವೋ ಎಂಬುದನ್ನು ಆಯಾ ಮನೆಯ ಕಣಜಗಳೇ ಬಲ್ಲವು. ಕೂಡಿಡುವುದೆಲ್ಲವೂ ಅತಿಸಂಗ್ರಹವಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದರೆ ಹೊಳೆ ದಾಟುವಂತಿಲ್ಲ, ಗಾಡಿ ನಡೆಯುವಂತಿಲ್ಲ. ವರ್ಷದ ಭತ್ತವನ್ನು ಮನೆಯಲ್ಲಿ ತುಂಬಿಡದಿದ್ದರೆ ಆಷಾಢದಲ್ಲಿ ಉಪವಾಸ. ಬಿತ್ತನೆಯ ಬೀಜ, ಕೂಲಿಯವರ ಭತ್ತ, ಬಸದಿಯ ನೈವೇದ್ಯದ ಅಕ್ಕಿ, ಬಂದುಹೋಗುವವರ ಊಟ, ಇವೆಲ್ಲ ಕಣಜದಿಂದಲೇ ಬರಬೇಕು. ಇದನ್ನು ಅರಿಯದೆ ತಲೆಯೆಣಿಸಿ ಲೆವಿ ಹಾಕಿದಾಗ ರೈತನಿಗೆ ಸಂಕಟವಾದದ್ದು ಸಹಜ. ಆದರೆ ಈ ನ್ಯಾಯವಾದ ಸಂಗ್ರಹದ ಹಿಂದೆಯೇ, ಅದೇ ಕಣಜದಲ್ಲಿ, ಅದೇ ಭತ್ತದ ನಡುವೆ, ಬೆಲೆಗಾಗಿ ಕಾದಿರುವ ಸಂಗ್ರಹ ಅಡಗಬಲ್ಲದು. ಯಾವ ಕಾಳು ಯಾವುದಕ್ಕೆ ಎಂಬುದನ್ನು ಅಮಲ್ದಾರನು ತಿಳಿಯಲಾರ. ಮನೆಯ ಯಜಮಾನನು ತಿಳಿಯದೆ ಇರಲಾರ.

ಪಂಚಾಂಗವು ಇಲ್ಲಿ ಒಂದು ಕಠಿಣ ಪರೀಕ್ಷೆಯನ್ನು ಒಡ್ಡಿದೆ. ಭತ್ತದ ಕೊಯ್ಲು ಒಕ್ಕಲು ಮಾರ್ಗಶಿರ ಪುಷ್ಯಗಳಲ್ಲಿ. ಆಗ ಭತ್ತ ಅಗ್ಗ. ಬಡವನ ಮಡಕೆ ಬರಿದಾಗುವುದು ಆಷಾಢ ಶ್ರಾವಣಗಳಲ್ಲಿ. ಆಗ ಭತ್ತ ತುಟ್ಟಿ. ಚಾತುರ್ಮಾಸ ಆರಂಭವಾಗುವುದೂ ಆಷಾಢದಲ್ಲಿಯೇ, ದಶಲಕ್ಷಣ ಪರ್ವ ಬರುವುದು ಭಾದ್ರಪದದಲ್ಲಿ. ಎಂದರೆ ಶ್ರಾವಕನು ವ್ರತ ನಿಯಮಗಳನ್ನು ಹಿಡಿಯುವ ತಿಂಗಳೂ ಅವನ ಕಣಜಕ್ಕೆ ಅತಿ ಹೆಚ್ಚಿನ ಬೆಲೆ ಬರುವ ತಿಂಗಳೂ ಒಂದೇ. ಉತ್ತಮ ಶೌಚದ ದಿನ ಲೋಭತ್ಯಾಗದ ವಿವೇಚನೆಯನ್ನು ಕೇಳಿ ಬಂದು, ಮರುದಿನ ಏಕಾಶನ ಮಾಡಿ, ಇನ್ನು ಹದಿನೈದು ದಿನ ತಡೆದರೆ ದರ ಏರುವುದೆಂದು ಕಣಜದ ಬಾಯನ್ನು ಮುಚ್ಚಿಟ್ಟವನು ತನ್ನ ಪಾಲಿನ ಅನ್ನವನ್ನು ಬಿಟ್ಟದ್ದು ನಿಜ. ಬಿಟ್ಟ ಅನ್ನವೂ ಅವನ ಕಣಜದಲ್ಲಿಯೇ ಉಳಿದು ಅವನಿಗೇ ಬೆಲೆ ತಂದುಕೊಟ್ಟಿತು. ಇಂತಹ ಉಪವಾಸವನ್ನು ಏನೆಂದು ಕರೆಯಬೇಕೆಂಬುದಕ್ಕೆ ಶಾಸ್ತ್ರದಲ್ಲಿ ಹೆಸರಿದ್ದರೂ ಅದನ್ನು ಉಚ್ಚರಿಸುವುದು ಸೌಜನ್ಯವಲ್ಲ.

ಮಲೆನಾಡಿನ ಗೇಣಿಯ ಪದ್ಧತಿಯಿಂದ ಈ ಹೊಣೆ ಇನ್ನೂ ಭಾರವಾಗಿತ್ತು. ಗೇಣಿ ಭತ್ತದ ರೂಪದಲ್ಲಿ ಸಲ್ಲುತ್ತಿದ್ದುದರಿಂದ ಉತ್ತವನ ಮನೆಯಲ್ಲಿ ಕಾಳು ಕಡಮೆ, ಒಡೆಯನ ಕಣಜದಲ್ಲಿ ಹೆಚ್ಚು. ಒಡೆಯರಲ್ಲಿ ನಾನಾ ಜಾತಿಯವರಿದ್ದರು. ಜೈನ ಮನೆತನಗಳೂ ಇದ್ದವು. 1951ರ ಏಪ್ರಿಲಿನಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾದಾಗ ಅದರ ಮೂಲದಲ್ಲಿದ್ದ ದೂರುಗಳಲ್ಲಿ ಒಂದು ಕೊಳಗದ ಗಾತ್ರದ್ದು: ಸರಿಯಾದ ಅಳತೆಗಿಂತ ದೊಡ್ಡ ಕೊಳಗದಿಂದ ಗೇಣಿಯ ಭತ್ತವನ್ನು ಅಳೆದುಕೊಳ್ಳುತ್ತಾರೆ ಎಂಬುದು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಅದರಲ್ಲಿ ನಿಂತರು. ಆ ಜೂನಿನಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದಾಗ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಒಂದು ದಶಕವಿಡೀ ಪಡಿತರದಂಗಡಿಯ ತಕ್ಕಡಿಯನ್ನು ಪರೀಕ್ಷಿಸಿದ ಆಡಳಿತ ಕಣದಲ್ಲಿದ್ದ ಕೊಳಗವನ್ನು ಪರೀಕ್ಷಿಸಿರಲಿಲ್ಲ. ಹೀನಾಧಿಕಮಾನೋನ್ಮಾನವೆಂಬ ಅತಿಚಾರವನ್ನು ಪ್ರತಿಕ್ರಮಣದಲ್ಲಿ ನೆನೆಯುತ್ತಿದ್ದ ಮನೆಗಳಲ್ಲಿಯಾದರೂ ಆ ಕೊಳಗವನ್ನು ಅಳೆದು ನೋಡಿದ್ದರೆ! ಕೊಡುವ ಕೊಳಗ, ತೆಗೆದುಕೊಳ್ಳುವ ಕೊಳಗ ಎಂದು ಎರಡಿರುವ ಮನೆಯಲ್ಲಿ ಎಷ್ಟು ಅಷ್ಟಮಿ ಚತುರ್ದಶಿಗಳ ಉಪವಾಸ ನಡೆದರೇನು? 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯೇ ಹೋಯಿತು. ಕೊಳಗಗಳು ಈಗ ಅಟ್ಟದಲ್ಲಿ ಧೂಳು ಹಿಡಿದಿವೆ.

ಉದ್ಯಾಪನೆಯ ಭೋಜನಗಳ ವಿಷಯ ಇದಕ್ಕೆ ಹೋಲಿಸಿದರೆ ಚಿಕ್ಕದು, ಆದರೂ ಬಿಡುವಂತಿಲ್ಲ. ಆ ಕಾಲದಲ್ಲಿ ಹಲವು ಪ್ರಾಂತಗಳಲ್ಲಿ ಅತಿಥಿಗಳ ಸಂಖ್ಯೆಗೆ ಮಿತಿ ಹಾಕುವ ಆಜ್ಞೆಗಳು ಬಂದವು. ಮದುವೆ ಮುಂಜಿಗಳಿಗೆ ಇಷ್ಟೇ ಎಲೆ ಎಂದಾಯಿತು. ವ್ರತದ ಸಮಾಪ್ತಿಗೆ ಊರೆಲ್ಲ ಉಣ್ಣಬೇಕೆಂದು ರೂಢಿಯಿದ್ದವರಿಗೆ ಇದು ಧರ್ಮಕ್ಕೆ ಬಂದ ವಿಘ್ನವೆಂದು ತೋರುವುದು ಸಹಜ. ವಾಸ್ತವವಾಗಿ ಶಾಸ್ತ್ರವು ಉದ್ಯಾಪನೆಗೆ ಶಕ್ತ್ಯನುಸಾರವೆಂದು ಹೇಳಿದೆ, ಶಕ್ತಿಯಿಲ್ಲದವನು ವ್ರತವನ್ನು ದ್ವಿಗುಣಿಸಬಹುದೆಂದೂ ಹೇಳುವ ರೂಢಿಯಿದೆ. ಹೊರಗಿನ ಮಿತಿಯು ಒಳಗಿನ ಒಂದು ಅತಿರೇಕವನ್ನು ತೋರಿಸಿಕೊಟ್ಟ ಸಂದರ್ಭವಿದು. ನಿಯಂತ್ರಣಕ್ಕೆ ಇಷ್ಟು ಕೃತಜ್ಞತೆ ಸಲ್ಲಬೇಕು.

ಇನ್ನೊಂದು ಪ್ರಸಂಗ 1965ರದು. ಪಾಕಿಸ್ತಾನದೊಡನೆ ಯುದ್ಧ, ಮಳೆಯ ಅಭಾವ, ಅಮೆರಿಕದ ಗೋಧಿಯನ್ನು ನೆಚ್ಚಿದ ಸಂಕಟ. ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿಯ ಊಟವನ್ನು ಬಿಡಿರೆಂದು ದೇಶವನ್ನು ಕೇಳಿಕೊಂಡರು. ಚೀಟಿಯಿಲ್ಲ, ಠಾಣೆಯಿಲ್ಲ, ದಂಡವಿಲ್ಲ, ಬರಿಯ ಕೇಳಿಕೆ. ಇಪ್ಪತ್ತೆರಡು ವರ್ಷದ ಹಿಂದೆ ಅಪ್ಪಣೆಯಿಂದ ಬಂದ ಮಿತಿ ಈಗ ಸಂಕಲ್ಪಕ್ಕಾಗಿ ಕೈನೀಡಿತು, ಜನ ಮನಃಪೂರ್ವಕವಾಗಿ ಒಪ್ಪಿದರು. ನಿಷ್ಠಾವಂತ ದಿಗಂಬರ ಗೃಹಸ್ಥನಿಗೆ ಮಾತ್ರ ಇಲ್ಲೊಂದು ವಿಚಿತ್ರವಾದ ತೊಡಕು. ಅವನ ಮನೆಯಲ್ಲಿ ಸೂರ್ಯಾಸ್ತದ ನಂತರ ಒಲೆ ಉರಿಯುವುದಿಲ್ಲ. ರಾತ್ರಿಯ ಊಟವನ್ನು ಅವನು ಎಂದೋ ಬಿಟ್ಟಿದ್ದಾನೆ, ಅವನ ತಾತ ಬಿಟ್ಟಿದ್ದಾನೆ. ಬಿಟ್ಟದ್ದನ್ನು ಮತ್ತೆ ಬಿಡುವುದು ಹೇಗೆ? ಅದು ತನಗೆ ಅನ್ವಯಿಸದೆಂದು ನೆಮ್ಮದಿಯಿಂದ ಇರಬಹುದಾಗಿತ್ತು. ದೇಶಕ್ಕಿಂತ ಮೊದಲೇ ತಾನು ಪಾಲಿಸುತ್ತಿರುವೆನೆಂದು ಹೆಮ್ಮೆಪಡಬಹುದಾಗಿತ್ತು. ಎರಡೂ ತಪ್ಪು. ರಾತ್ರಿಭೋಜನತ್ಯಾಗ ಜೀವದಯೆಗಾಗಿ; ಅವನು ಅದೇ ಅನ್ನವನ್ನು ಸೂರ್ಯಾಸ್ತಕ್ಕೆ ಮೊದಲು ಉಣ್ಣುತ್ತಾನೆ. ಅದರಿಂದ ಹಸಿದವನ ಪಾಲಿಗೆ ಒಂದು ಹಿಡಿಯೂ ಹೆಚ್ಚುವುದಿಲ್ಲ. ಕೇಳಿಕೆಯ ಅಕ್ಷರ ಅವನನ್ನು ಮುಟ್ಟುವುದಿಲ್ಲ, ಅರ್ಥ ಮುಟ್ಟುತ್ತದೆ. ಸೋಮವಾರದ ಸಂಜೆಯ ಊಟವನ್ನೇ ಬಿಟ್ಟು ಏಕಾಶನ ಮಾಡಿ, ಉಳಿದ ಅಕ್ಕಿಯನ್ನು ಅಳೆದು ಹೊರಗೆ ಕೊಟ್ಟವನಿಗೆ ಆ ಕೇಳಿಕೆ ಅರ್ಥವಾಗಿತ್ತು.

ಈ ಅಳೆಯುವ ಕೆಲಸದ ಕಾಲವನ್ನು ಕುರಿತು ಒಂದು ಮಾತು ಉಳಿದಿದೆ. ಧಾನ್ಯದ ಪರಿಮಾಣವನ್ನು ಚಾತುರ್ಮಾಸದ ಆರಂಭದಲ್ಲಿ ಮಾಡುವ ಮನೆಗಳಿವೆ. ಆಗ ಕಣಜ ಅರ್ಧ ಇಳಿದಿರುತ್ತದೆ, ದರ ಏರಿರುತ್ತದೆ, ಉಳಿದುದರ ಮೇಲೆ ಕಣ್ಣು ನೆಟ್ಟಿರುತ್ತದೆ. ಪರಿಮಾಣವನ್ನು ಇರುವಷ್ಟಕ್ಕೆ ಸರಿಯಾಗಿ ಹೊಂದಿಸಿಕೊಳ್ಳುವ ಚಪಲ ಸಹಜ. ಒಕ್ಕಲಿನ ಕಣದಲ್ಲಿಯೇ, ಭತ್ತ ಅಗ್ಗವಾಗಿರುವಾಗಲೇ, ಬೀಜಕ್ಕೆ ಇಷ್ಟು ಖಂಡುಗ, ಮನೆಗೆ ಇಷ್ಟು, ಕೂಲಿಗೆ ಇಷ್ಟು, ದಾನಕ್ಕೆ ಇಷ್ಟು, ಮಳೆ ತಡವಾದರೆಂದು ಇಷ್ಟು ಎಂದು ಎಣಿಸಿ, ಮಿಕ್ಕದ್ದನ್ನು ಎಂದಿನೊಳಗೆ ಮಾರಬೇಕೆಂಬುದನ್ನೂ ಅದರೊಡನೆ ಗೊತ್ತುಮಾಡಿಕೊಂಡರೆ ಆಷಾಢದ ದರ ಅವನನ್ನು ಕೇಳಲು ಬರುವುದಿಲ್ಲ. ಹಾಗೆ ಮಿಕ್ಕದ್ದನ್ನು ಕೊಳ್ಳುವ ವರ್ತಕನು ತಾನೇ ಕೂಡಿಟ್ಟು ಆಷಾಢದಲ್ಲಿ ಮಾರಿದರೆ ಆ ದೋಷದಲ್ಲಿ ಮಾರಿದವನಿಗೆ ಪಾಲುಂಟೇ ಎಂದು ಕೇಳಬಹುದು. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಅವನು ಯಾವುದಕ್ಕೂ ಸೇರುವುದಿಲ್ಲ, ವರ್ತಕನ ಉದ್ದೇಶವನ್ನು ತಿಳಿದು ಮಾರದಿದ್ದರೆ. ತಿಳಿದಿದ್ದರೆ ಊರಿನ ಕೂಲಿಯವನಿಗೆ ಸೇರುಸೇರಾಗಿ ಮಾರುವ ತಾಪತ್ರಯವನ್ನು ಅವನು ಹೊರಬೇಕು. ಆ ತಾಪತ್ರಯ ಸಣ್ಣದಲ್ಲ. ಅಳೆಯಬೇಕು, ಚಿಲ್ಲರೆ ಕೊಡಬೇಕು, ಸಾಲ ಕೇಳಿದವನಿಗೆ ಉತ್ತರ ಹೇಳಬೇಕು, ಬಾಗಿಲನ್ನು ದಿನವೂ ತೆರೆದಿಡಬೇಕು.